ಚಿಕಿತ್ಸೆಯ ನಂತರ ಸೈಕಲ್ ಸವಾರಿ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬಿಲ್ಲಿ ಸ್ಟಾರ್ 1980ರಲ್ಲಿ ಆರಂಭಿಸಿದ ಪ್ಯಾನ್-ಮಾಸ್ ಚಾಲೆಂಜ್, ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗಾಗಿ ಹಣ ಕೂಡಿಸುವ ವಾರ್ಷಿಕ ಸೈಕಲ್ ಸವಾರಿ. ಕ್ಯಾನ್ಸರ್ ಗೆದ್ದವರೂ ಅದರಲ್ಲಿ ಪಾಲ್ಗೊಳ್ಳುತ್ತಾರೆ. ಇಂಥ ಸವಾರಿಗೆ ಹೆಸರು ಕೊಡುವ ಮೊದಲು ಚಿಕಿತ್ಸೆ ನೀಡಿದ ವೈದ್ಯರನ್ನು ಕಾಣಬೇಕು. ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧ ಹೃದಯವನ್ನು ದುರ್ಬಲಗೊಳಿಸಬಲ್ಲದು. ಹಾಗಾಗಿ ಹೃದಯದ ಎಕೋ ಪರೀಕ್ಷೆ ಬೇಕೇ ಎಂದು ಕೇಳುವುದು ಲೇಸು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧ ಪಡೆದವರ ಬೆರಳುಗಳಲ್ಲಿ ಜೋಮು ಉಳಿದಿದ್ದರೆ ಬ್ರೇಕಿನ ಹಿಡಿತ ತಪ್ಪಬಹುದು. ಮೂಳೆ ಸವೆದವರಿಗೆ ಬೀಳುವುದೇ ದೊಡ್ಡ ಅಪಾಯ. ಅವರಿಗೆ ಮನೆಯೊಳಗಿನ ಸ್ಥಿರ ಸೈಕಲ್ಲೇ ಸರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ವೈದ್ಯರು ಒಪ್ಪಿದ ಮೇಲೆ ಅಭ್ಯಾಸಕ್ಕೆ ವಾರಕ್ಕೆ ಮೂರು ಬಾರಿ, ಅರ್ಧ ಗಂಟೆಯಂತೆ, ಮಾತಾಡುತ್ತಲೇ ತುಳಿಯಬಹುದಾದ ವೇಗ ಸಾಕು. ಕೆಲಸಕ್ಕೋ ಸಂತೆಗೋ ಸೈಕಲ್ಲಿನಲ್ಲಿ ಹೋಗಿಬಂದರೆ ಅಭ್ಯಾಸಕ್ಕೆಂದು ಬೇರೆ ಹೊತ್ತು ಹುಡುಕಬೇಕಿಲ್ಲ. ಕ್ಯಾನ್ಸರಿನ ದಣಿವು ನಿದ್ದೆಯಿಂದ ಪೂರ್ತಿ ಹೋಗುವಂಥದ್ದಲ್ಲ. ಹಿತಮಿತ ವ್ಯಾಯಾಮ ಅದನ್ನು ತಗ್ಗಿಸುತ್ತದೆ. ಆದರೂ ಜ್ವರ, ಎದೆನೋವು, ತಲೆಸುತ್ತು ಕಂಡ ದಿನ ಸೈಕಲ್ ಮುಟ್ಟಬಾರದು.

ದೇಣಿಗೆಯ ಗುರಿಯನ್ನೂ ಮೊದಲೇ ತಿಳಿದಿರಬೇಕು. ಕನಿಷ್ಠ ಮೊತ್ತ ಕೂಡದಿದ್ದರೆ ಕೊರತೆಯನ್ನು ಸವಾರರೇ ತುಂಬಬೇಕೆಂಬ ನಿಯಮ ಕೆಲವೆಡೆ ಇರುತ್ತದೆ. ಚಿಕಿತ್ಸೆಯ ಸಾಲ ಇನ್ನೂ ತೀರದವರು ಕಡಿಮೆ ದೂರದ, ಸಣ್ಣ ಮೊತ್ತದ ಸವಾರಿಯನ್ನೇ ಆರಿಸಿಕೊಳ್ಳುವುದು ಒಳಿತು.