ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್: ಪರೀಕ್ಷಾ ಟಿಪ್ಪಣಿ

ಅರ್ಥ: ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯ ಮೇಲೆ ದಾಳಿ ಮಾಡಿದಾಗ ಉಂಟಾಗುವ ಉರಿಯೂತ.

ಹಿನ್ನೆಲೆ: 1995ರಲ್ಲಿ ಜಪಾನಿನ ಯೋಶಿದಾ ಮತ್ತು ಸಂಗಡಿಗರು ಈ ಹೆಸರನ್ನು ಮುಂದಿಟ್ಟರು. 2001ರಲ್ಲಿ ಜಪಾನಿನ ಹಮಾನೊ ತಂಡ, ರೋಗಿಗಳ ರಕ್ತದಲ್ಲಿ ಐಜಿಜಿ4 ಪ್ರತಿಕಾಯ ಹೆಚ್ಚಿರುವುದನ್ನು ತೋರಿಸಿತು.

ವಿಧಗಳು:
• ವಿಧ 1: ಹಿರಿಯ ಪುರುಷರಲ್ಲಿ ಹೆಚ್ಚು, ಐಜಿಜಿ4 ಏರಿಕೆ, ಪಿತ್ತನಾಳ, ಲಾಲಾಗ್ರಂಥಿ, ಮೂತ್ರಪಿಂಡಕ್ಕೂ ಹರಡಬಹುದು.
• ವಿಧ 2: ಕಿರಿಯ ವಯಸ್ಸಿನವರಲ್ಲೂ ಕಾಣುತ್ತದೆ, ಐಜಿಜಿ4 ಸಾಮಾನ್ಯವಾಗಿ ಏರುವುದಿಲ್ಲ, ದೊಡ್ಡ ಕರುಳಿನ ಉರಿಯೂತದೊಂದಿಗೆ ನಂಟು.

ಮುಖ್ಯ ಲಕ್ಷಣ: ಹೆಚ್ಚು ನೋವಿಲ್ಲದ ಕಾಮಾಲೆ. ಕಣ್ಣು, ಮೂತ್ರ ಹಳದಿಯಾಗುತ್ತವೆ, ತೂಕ ಇಳಿಯುತ್ತದೆ.

ಪತ್ತೆ: ಸಿ.ಟಿ. ಸ್ಕ್ಯಾನಿನಲ್ಲಿ ಗ್ರಂಥಿ ತನ್ನ ಏರಿಳಿತದ ಅಂಚು ಕಳೆದುಕೊಂಡು ಸಾಸೇಜಿನಂತೆ ಊದಿರುತ್ತದೆ. ಜೊತೆಗೆ ಐಜಿಜಿ4 ರಕ್ತಪರೀಕ್ಷೆ, ಬಯಾಪ್ಸಿ, ಸ್ಟೀರಾಯ್ಡ್‌ಗೆ ಸ್ಪಂದನೆ. ಅಂತಾರಾಷ್ಟ್ರೀಯ ಒಮ್ಮತದ ಮಾನದಂಡಗಳು ಪ್ರಕಟವಾದದ್ದು 2011ರಲ್ಲಿ.

ಚಿಕಿತ್ಸೆ: ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಊತ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ವಿಧ 1 ಮರುಕಳಿಸುವುದು ಹೆಚ್ಚು.

ನೆನಪಿಡಿ: ಈ ರೋಗ ಮೇದೋಜ್ಜೀರಕ ಕ್ಯಾನ್ಸರನ್ನು ಹೋಲುತ್ತದೆ. ಕ್ಯಾನ್ಸರಿನಲ್ಲೂ ಕೆಲವೊಮ್ಮೆ ಐಜಿಜಿ4 ಏರುವುದರಿಂದ ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಮೊದಲು ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸರಿಯಾದ ಪತ್ತೆಯಿಂದ, ಮಾತ್ರೆಯಲ್ಲೇ ಗುಣವಾಗಬಲ್ಲ ರೋಗಿಗೆ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪುತ್ತದೆ.