ಹೆಸರೊಂದು, ಆಜ್ಞೆ ಹಲವು

ಗಣಕಯಂತ್ರಕ್ಕೆ ಕೆಲಸ ಹೇಳುವುದಕ್ಕೆ ಎರಡು ಮಾರ್ಗಗಳುಂಟು. ತೆರೆಯ ಮೇಲಿನ ಚಿತ್ರಗಳನ್ನು ಒತ್ತುವುದು ಒಂದು; ಆಜ್ಞೆಗಳನ್ನು ಸಾಲಾಗಿ ಬೆರಳಚ್ಚಿಸುವುದು ಇನ್ನೊಂದು. ಎರಡನೆಯದನ್ನು ಹಿಡಿದವರಿಗೆ ಬಹುಬೇಗ ಒಂದು ಬೇಸರ ಹುಟ್ಟುತ್ತದೆ. ನಮ್ಮ ಲೋಲಕ ಪ್ರಯೋಗದ ಅಳತೆಗಳು ‘ಕಾಲೇಜು’ ಎಂಬ ಡೈರೆಕ್ಟರಿಯೊಳಗಿನ ‘ಭೌತ’ದಲ್ಲಿ, ಅದರೊಳಗಿನ ‘ಲೋಲಕ’ದಲ್ಲಿ ಇವೆಯೆನ್ನೋಣ. ಅಲ್ಲಿಗೆ ಹೋಗಲು ‘ಸಿಡಿ’ ಎಂಬ ಆಜ್ಞೆಯ ಮುಂದೆ ಈ ದಾರಿಯನ್ನೆಲ್ಲ ಪ್ರತಿಸಲವೂ ಬರೆಯಬೇಕು.

ಲಿನಕ್ಸ್ ಗಣಕಗಳಲ್ಲಿ ನಮ್ಮ ಆಜ್ಞೆಯನ್ನು ಓದಿ ನೆರವೇರಿಸುವ ಪ್ರೋಗ್ರಾಮಿಗೆ ‘ಷೆಲ್’ ಎಂದು ಹೆಸರು. ‘ಬ್ಯಾಷ್’ ಎಂಬುದು ಬಹಳ ಬಳಕೆಯಲ್ಲಿರುವ ಷೆಲ್. ಅದಕ್ಕೆ ಹೀಗೆ ಹೇಳಿದರೆ ಸಾಕು:

ಅಲಿಯಾಸ್ ಲೋ='ಸಿಡಿ ~/ಕಾಲೇಜು/ಭೌತ/ಲೋಲಕ'

(ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞಾಪದಗಳನ್ನು ಯಂತ್ರದಲ್ಲಿ ರೋಮನ್ ಅಕ್ಷರಗಳಿಂದಲೇ ಬರೆಯತಕ್ಕದ್ದು.) ಸಮಚಿಹ್ನೆಯ ಎರಡು ಕಡೆಯೂ ತೆರಪು ಕೂಡದು. ~ ಎಂದರೆ ಬಳಕೆದಾರನ ಸ್ವಂತ ಡೈರೆಕ್ಟರಿ. ಇನ್ನು ಮೇಲೆ ‘ಲೋ’ ಎಂದು ಬರೆದರೆ ಸಾಕು, ನಾವು ಲೋಲಕದಲ್ಲಿರುತ್ತೇವೆ. ಪೊಲೀಸರ ದಾಖಲೆಯಲ್ಲಿ ಎರಡು ಹೆಸರಿನವನಿಗೆ ಬರೆಯುವ ಅದೇ ‘ಅಲಿಯಾಸ್’ ಇದು! ಸ್ವಂತ ಡೈರೆಕ್ಟರಿಯಲ್ಲಿರುವ ‘.ಬ್ಯಾಷ್‌ಆರ್‌ಸಿ’ ಎಂಬ ಫೈಲಿನಲ್ಲಿ ಈ ಸಾಲನ್ನು ಬರೆದಿಟ್ಟರೆ ಹೊಸದಾಗಿ ತೆರೆದ ಪ್ರತಿಯೊಂದು ಆಜ್ಞಾಕಿಟಕಿಯಲ್ಲಿಯೂ ಅದು ಸಿದ್ಧವಾಗಿರುತ್ತದೆ.

ಈ ‘ಸಿಡಿ’ಯನ್ನು ಬೇರೊಂದು ಫೈಲಿನಲ್ಲಿ ಬರೆದು, ಆ ಫೈಲನ್ನೇ ಪ್ರೋಗ್ರಾಮಿನಂತೆ ನಡೆಸಬಾರದೇಕೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುತ್ತಾರೆ. ನಡೆಸಿ ನೋಡಬಹುದು, ದೋಷವೇನೂ ಕಾಣದು, ಆದರೆ ನಾವು ನಿಂತಲ್ಲಿಯೇ ನಿಂತಿರುತ್ತೇವೆ. ಕಾರಣವಿಷ್ಟೆ: ‘ಈಗ ಎಲ್ಲಿರುವೆ’ ಎಂಬುದು ನಡೆಯುತ್ತಿರುವ ಒಂದೊಂದು ಪ್ರೊಸೆಸ್ಸಿಗೂ ಪ್ರತ್ಯೇಕವಾದ ಗುಣ. ಷೆಲ್ ಆ ಫೈಲನ್ನು ನಡೆಸಲು ಹೊಸ ಪ್ರೊಸೆಸ್ಸೊಂದನ್ನು ಹುಟ್ಟಿಸುತ್ತದೆ, ಆ ಮಗು ಲೋಲಕಕ್ಕೆ ಹೋಗಿ ಅಲ್ಲಿಯೇ ಕೊನೆಗೊಳ್ಳುತ್ತದೆ, ತಾಯಿ ಕದಲಿರುವುದಿಲ್ಲ. ಬಲ್ಲವರೂ ಇಲ್ಲಿ ಎಡವಿದ್ದುಂಟು. ಅಮೆರಿಕದ ಬೆಲ್ ಪ್ರಯೋಗಶಾಲೆಗಳಲ್ಲಿ 1969ರಲ್ಲಿ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದವರು, ಪ್ರೊಸೆಸ್ಸುಗಳನ್ನು ಹುಟ್ಟಿಸುವ ಹೊಸ ಕ್ರಮವನ್ನು ಜಾರಿಗೆ ತಂದು ಸಂತೋಷಪಡುತ್ತಿದ್ದಾಗ, ಡೈರೆಕ್ಟರಿ ಬದಲಾಯಿಸುವ ಆಜ್ಞೆಯೇ ಕೆಲಸ ನಿಲ್ಲಿಸಿತ್ತಂತೆ. ಈ ಪ್ರಸಂಗವನ್ನು ಅವರಲ್ಲೊಬ್ಬನಾದ ಡೆನ್ನಿಸ್ ರಿಚಿ ಬರೆದಿಟ್ಟಿದ್ದಾನೆ. ಆ ಆಜ್ಞೆಯನ್ನು ಷೆಲ್ ತಾನೇ ನೆರವೇರಿಸುವಂತೆ ಆಮೇಲೆ ಮಾರ್ಪಡಿಸಿದರು. ಇಂದಿಗೂ ಹಾಗೆಯೇ ಇದೆ. ಅಲಿಯಾಸ್ ಕೂಡ ಷೆಲ್ಲಿನೊಳಗೇ ಬಿಡಿಸಿಕೊಳ್ಳುವುದರಿಂದ ‘ಲೋ’ ಫಲಿಸುತ್ತದೆ.

‘ಎಲ್ಲಿ ನಿಂತಿದ್ದೇವೆ’ ಎಂಬುದನ್ನು ಮರೆತು ನಾವೂ ಒಮ್ಮೆ ಪೆಟ್ಟು ತಿಂದೆವು. ಬೇಡವಾದ ಫೈಲುಗಳನ್ನು ಅಳಿಸಲು ನಾವು ಮಾಡಿಕೊಂಡಿದ್ದ ಹೆಸರು ಇದು:

ಅಲಿಯಾಸ್ ಶುಚಿ='ಸಿಡಿ ~/ಕರಡು ; ಆರ್‌ಎಂ *'

‘ಕರಡು’ ಡೈರೆಕ್ಟರಿಗೆ ಹೋಗು, ಅಲ್ಲಿರುವ ಫೈಲುಗಳನ್ನೆಲ್ಲ ಅಳಿಸು ಎಂದರ್ಥ. ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯಿತು. ಒಂದು ದಿನ ಯಾವುದೋ ಕಾರಣಕ್ಕಾಗಿ ಕರಡಿನ ಹೆಸರನ್ನು ಬದಲಾಯಿಸಿದೆವು. ಆ ಮಧ್ಯಾಹ್ನ ಲೋಲಕದಲ್ಲಿ ನಿಂತು ‘ಶುಚಿ’ ಎಂದೆವು. ಅಂಥ ಡೈರೆಕ್ಟರಿಯಿಲ್ಲವೆಂದು ‘ಸಿಡಿ’ ದೂರಿತು. ಆದರೆ ಅರ್ಧವಿರಾಮಕ್ಕೆ ಬ್ಯಾಷ್‌ನಲ್ಲಿ ‘ಮೊದಲನೆಯದು ಏನಾದರೂ ಆಗಲಿ, ಮುಂದಿನದನ್ನು ಮಾಡು’ ಎಂಬ ಅರ್ಥ. ‘ಆರ್‌ಎಂ’ ತನ್ನ ಕೆಲಸವನ್ನು ನಾವು ನಿಂತ ಸ್ಥಳದಲ್ಲಿಯೇ ಮಾಡಿತು. ಅದು ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ನಾಲ್ವರು ವಿದ್ಯಾರ್ಥಿನಿಯರು ಎರಡು ದಿನ ಎಣಿಸಿದ ಆಂದೋಲನಗಳೆಲ್ಲ ಹೋದವು. ತಪ್ಪು ನಮ್ಮದು, ಮತ್ತೆ ಎಣಿಸಿದವರು ಅವರು.

ಅರ್ಧವಿರಾಮವಿದ್ದ ಕಡೆ && ಎಂದು ಬರೆದಿದ್ದರೆ ಈ ಅನರ್ಥವಾಗುತ್ತಿರಲಿಲ್ಲ. ಮೊದಲನೆಯ ಆಜ್ಞೆ ಸಫಲವಾದರೆ ಮಾತ್ರ ಎರಡನೆಯದನ್ನು ನಡೆಸು ಎಂಬುದು ಅದರ ಅರ್ಥ. ಮೇಲಾಗಿ, ಅಳಿಸುವ ಹೆಸರನ್ನು ಹೊಸದಾಗಿ ಕಟ್ಟುವಾಗ ಕೆಲವು ದಿನ ‘ಆರ್‌ಎಂ’ ಪದಕ್ಕಿಂತ ಮೊದಲು ‘ಎಕೋ’ ಎಂಬ ಪದವನ್ನು ಸೇರಿಸಿಡಿ. ಆಗ ಯಾವ ಫೈಲುಗಳು ಅಳಿಯುತ್ತಿದ್ದವೆಂಬ ಪಟ್ಟಿ ತೆರೆಯ ಮೇಲೆ ಬರುತ್ತದೆ, ಅಳಿಯುವುದು ಯಾವುದೂ ಇಲ್ಲ. ಹಳೆಯ ಹೆಸರೊಂದರ ಹಿಂದೆ ಏನಿದೆಯೆಂಬುದು ಮರೆತಿದ್ದರೆ ‘ಟೈಪ್ ಶುಚಿ’ ಎಂದು ಬರೆದು ಕೇಳಿ. ಷೆಲ್ ಅದನ್ನು ಬಿಡಿಸಿ ತೋರಿಸುತ್ತದೆ.