ಬೆಳಕು ಬಂಡವಾಳ, ಹೊಗೆ ಖರ್ಚು: ಮದುವೆಯ ಸಂಜೆಚಿತ್ರಗಳ ದರ ನಿಗದಿ

ರೋಣ ಸೀಮೆಯ ಇಟಗಿಯು ಶ್ರೀ ಭೀಮಾಂಬಿಕಾ ದೇವಿಯ ಸನ್ನಿಧಿಯಿಂದ ಹೆಸರಾದ ಊರು. ಇಲ್ಲಿಯೂ ಸುತ್ತಲಿನ ಗಜೇಂದ್ರಗಡ, ಸೂಡಿ, ನರೇಗಲ್ ಭಾಗದಲ್ಲಿಯೂ ಮದುವೆಯೆಂದರೆ ಮಧ್ಯಾಹ್ನ ಅಕ್ಷತೆ ಬಿದ್ದು, ಊಟವಾಗಿ, ಸಂಜೆಯ ಹೊತ್ತಿಗೆ ಬೀಗರು ಹೊರಡುವುದು ವಾಡಿಕೆ. ಫೋಟೋ ಸ್ಟುಡಿಯೋದವರ ಕೆಲಸವೂ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಹಾಗಿಲ್ಲ. ಸೂರ್ಯ ಮುಳುಗುವ ವೇಳೆಗೆ ವಧೂವರರನ್ನು ಊರ ಹೊರಗೆ ಕರೆದೊಯ್ದು, ಬಣ್ಣದ ಹೊಗೆಯ ನಡುವೆ ನಿಲ್ಲಿಸಿ, ಬಣ್ಣದ ದೀಪಗಳ ಬೆಳಕಿನಲ್ಲಿ ಚಿತ್ರ ತೆಗೆಯುವುದು ಹಳ್ಳಿಯ ಮದುವೆಗಳಿಗೂ ಬಂದಿದೆ. ಗ್ರಾಹಕರು ಕೇಳುತ್ತಾರೆ, ಕೊಡದಿದ್ದರೆ ಪಕ್ಕದ ಊರಿನ ಸ್ಟುಡಿಯೋಕ್ಕೆ ಹೋಗುತ್ತಾರೆ.

ಈ ಭಾಗದ ಒಬ್ಬ ಸ್ಟುಡಿಯೋ ಮಾಲೀಕರು ವರ್ಷಾಂತ್ಯದಲ್ಲಿ ಲೆಕ್ಕ ತೋರಿಸುತ್ತ ಒಂದು ಪ್ರಶ್ನೆ ಕೇಳಿದರು: "ಒಂದು ಸಂಜೆಗೆ ನಾಲ್ಕು ಸಾವಿರ ತಗೊಳ್ತೀನಿ. ಹೊಗೆ ಡಬ್ಬಿಗೆ ಒಂದೂವರೆ ಸಾವಿರ ಹೋಗ್ತದ. ಎರಡೂವರೆ ಸಾವಿರ ಉಳೀಬೇಕಲ್ರೀ, ಅದು ಎಲ್ಲಿ ಹೋತು?" ಆ ಎರಡೂವರೆ ಸಾವಿರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಸ್ಟುಡಿಯೋದವರಿಗಾಗಿ ಬರೆದಿದ್ದರೂ, ಹೊಸ ಆಕರ್ಷಣೆಯೊಂದನ್ನು ತಮ್ಮ ಸರಕಿಗೆ ಸೇರಿಸಿ ಮಾರುವ ಎಲ್ಲ ವ್ಯಾಪಾರಸ್ಥರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಹೊಗೆ ಮತ್ತು ಬೆಳಕು: ಯಾವುದರ ಕೆಲಸ ಏನು?

ದರ ನಿಗದಿಗೆ ಮೊದಲು ಸರಕಿನ ಗುಣ ತಿಳಿಯಬೇಕು. ಮಾರುಕಟ್ಟೆಯಲ್ಲಿ 'ಸ್ಮೋಕ್ ಬಾಂಬ್' ಅಥವಾ 'ಕಲರ್ ಸ್ಮೋಕ್' ಎಂದು ಕರೆಯುವ ಡಬ್ಬಿಯೊಳಗೆ ಬಣ್ಣದ ಪುಡಿ, ಉರಿಯುವ ವಸ್ತು ಮತ್ತು ಆ ಉರಿಗೆ ಆಮ್ಲಜನಕ ಒದಗಿಸುವ ಲವಣ ಇರುತ್ತವೆ. ಒಳಗಿನ ಶಾಖಕ್ಕೆ ಬಣ್ಣವು ಆವಿಯಾಗಿ ಹೊರಬಂದು, ಗಾಳಿಯಲ್ಲಿ ತಣಿದು ಸೂಕ್ಷ್ಮ ಕಣಗಳಾಗುತ್ತದೆ. ನಮಗೆ ಕಾಣುವ ಹೊಗೆ ಈ ಕಣಗಳ ಮೋಡ. ಇದರಿಂದ ಎರಡು ಸಂಗತಿ ಸ್ಪಷ್ಟವಾಗುತ್ತವೆ: ಡಬ್ಬಿಯ ಮೈ ಬಿಸಿಯಾಗುತ್ತದೆ, ಹೊಗೆ ತಗುಲಿದ ಬಟ್ಟೆಗೆ ಬಣ್ಣ ಹತ್ತುತ್ತದೆ. ಸಾಮಾನ್ಯ ಡಬ್ಬಿಯೊಂದು ಸುಮಾರು ಒಂದರಿಂದ ಒಂದೂವರೆ ನಿಮಿಷದವರೆಗೆ ಹೊಗೆ ಕೊಡುತ್ತದೆ.

ಆದರೆ ಹೊಗೆ ತಾನಾಗಿ ಹೊಳೆಯುವುದಿಲ್ಲ. ಅದನ್ನು ಕಾಣಿಸುವುದು ಬೆಳಕು. ಕ್ಯಾಮೆರಾದ ಮೇಲಿನ ಫ್ಲ್ಯಾಶಿನಿಂದ ಎದುರಿಗೇ ಬೆಳಕು ಹಾಯಿಸಿದರೆ ಹೊಗೆ ಸಪ್ಪೆಯಾಗಿ, ಬಿಳಿಚಿದ ಪರದೆಯಂತೆ ಬೀಳುತ್ತದೆ. ಅದೇ ದೀಪವನ್ನು ದಂಪತಿಗಳ ಹಿಂಬದಿಗೆ, ಅವರ ಮರೆಯಲ್ಲಿ ನಿಲ್ಲಿಸಿದರೆ ಹೊಗೆಯ ಸುರುಳಿಗಳು ಒಂದೊಂದಾಗಿ ಬೆಳಗುತ್ತವೆ. ತಲೆಗೂದಲು, ಸೆರಗಿನ ಅಂಚುಗಳಿಗೆ ಬೆಳ್ಳಿಯ ಗೆರೆ ಬರುತ್ತದೆ. ಮುಖಗಳಿಗೆ ಪಕ್ಕದಿಂದ ಇನ್ನೊಂದು ಮೃದು ದೀಪ ಸಾಕು. ಮೊದಲು ಆಕಾಶದ ಬೆಳಕಿಗೆ ಕ್ಯಾಮೆರಾ ಹೊಂದಿಸಿ, ಅದಕ್ಕಿಂತ ಒಂದು ಹಂತ ಕತ್ತಲಾಗಿಸಿಕೊಂಡು, ಬಳಿಕ ದೀಪಗಳ ಪ್ರಮಾಣ ನಿರ್ಧರಿಸುವುದು ಸರಿಯಾದ ಕ್ರಮ. ಆಗ ಆಕಾಶದ ನೀಲಿ ಉಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯಾಸ್ತದ ನಂತರ ಈ ನೀಲಿ ಬೆಳಕು ಇರುವುದು ಇಪ್ಪತ್ತು ನಿಮಿಷಗಳ ಆಸುಪಾಸು. ಆದುದರಿಂದ ದೀಪಗಳ ಜಾಗ, ನಿಲ್ಲುವ ಭಂಗಿ ಎಲ್ಲವನ್ನೂ ಹೊಗೆಯಿಲ್ಲದೆ ಮೊದಲೇ ಪರೀಕ್ಷಿಸಿರಬೇಕು. ಡಬ್ಬಿ ಹೊತ್ತಿಸಿದ ಮೇಲೆ ದೀಪ ಸರಿಸುವವನು ಹಣವನ್ನೇ ಸುಡುತ್ತಿರುತ್ತಾನೆ.

ಇನ್ನೊಂದು ಮುಖ್ಯ ಅಂಶ: ಬಿಳಿ ಹೊಗೆಯು ತನ್ನ ಮೇಲೆ ಬಿದ್ದ ದೀಪದ ಬಣ್ಣವನ್ನೇ ತೋರಿಸುತ್ತದೆ. ಫ್ಲ್ಯಾಶಿನ ಮುಂದೆ ಕೆಂಪು, ನೀಲಿ, ಕೇಸರಿ ಜೆಲ್ ಹಾಳೆ ಹಚ್ಚಿದರೆ ಒಂದೇ ಬಿಳಿ ಹೊಗೆಯಿಂದ ಹಲವು ಬಣ್ಣಗಳನ್ನು ಪಡೆಯಬಹುದು. ನಾಟಕ, ಆರ್ಕೆಸ್ಟ್ರಾಗಳಲ್ಲಿ ಬಳಸುವ ಫಾಗ್ ಮಶಿನ್ ವಿಶೇಷ ದ್ರಾವಣವನ್ನು ಕಾಯಿಸಿ ಬಿಳಿ ಮಂಜನ್ನು ಕೊಡುತ್ತದೆ. ಅದರಲ್ಲಿ ಜ್ವಾಲೆಯಿಲ್ಲ, ಬಟ್ಟೆಗೆ ಹತ್ತುವ ಬಣ್ಣವಿಲ್ಲ. ವಿದ್ಯುತ್ ಸಂಪರ್ಕ ಬೇಕಾಗುತ್ತದೆ, ಬಯಲ ಗಾಳಿಗೆ ಬೇಗ ಚದುರುತ್ತದೆ ಎಂಬುದಷ್ಟೇ ಅದರ ಮಿತಿ.

ಒಂದು ಸಂಜೆಯ ಲೆಕ್ಕ

ಮೇಲಿನ ಮಾಲೀಕರ ರೀತಿಯ ವ್ಯವಹಾರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಹಿಡಿದವು; ವಾಚಕರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು. ಜಿಎಸ್‌ಟಿ ನೋಂದಣಿ ಇದೆ, ಖರೀದಿಯ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಪಡೆಯಲಾಗಿದೆ ಎಂದು ಭಾವಿಸಿ ತೆರಿಗೆ ಹೊರತಾದ ವೆಚ್ಚ ಕೊಟ್ಟಿದೆ.

ಹೊಗೆ ಡಬ್ಬಿ 6, ತಲಾ ರೂ. 250: ರೂ. 1,500
ಸಹಾಯಕನ ಕೂಲಿ: ರೂ. 800
ದೀಪಗಳ ಸವಕಳಿ: ರೂ. 200
ವಾಹನ: ರೂ. 400
ಚಿತ್ರ ತಿದ್ದುವ ಕೆಲಸ, 5 ತಾಸು, ತಲಾ ರೂ. 120: ರೂ. 600
ಬೆಂಕಿ ನಂದಿಸುವ ಸಲಕರಣೆಯ ಪಾಲು: ರೂ. 100
ಒಟ್ಟು: ರೂ. 3,600

ಛಾಯಾಗ್ರಹಣ ಸೇವೆಗೆ ಜಿಎಸ್‌ಟಿ ದರ ಶೇ. 18. 'ಎಲ್ಲ ಸೇರಿ ನಾಲ್ಕು ಸಾವಿರ' ಎಂದು ಒಪ್ಪಿಕೊಂಡರೆ ಅದರೊಳಗೆ ರೂ. 610 ಸರ್ಕಾರದ ಹಣ. ಸ್ಟುಡಿಯೋಕ್ಕೆ ಬಂದದ್ದು ರೂ. 3,390. ಖರ್ಚು ರೂ. 3,600. ಎರಡೂವರೆ ಸಾವಿರ ಲಾಭ ಎಂದುಕೊಂಡ ಸಂಜೆಯಲ್ಲಿ ರೂ. 210 ನಷ್ಟ, ಮಾಲೀಕರ ಸ್ವಂತ ದುಡಿಮೆಗೆ ಒಂದು ಪೈಸೆಯೂ ಇಲ್ಲ.

ವಾರ್ಷಿಕ ವಹಿವಾಟು ರೂ. 20 ಲಕ್ಷದೊಳಗಿದ್ದು ನೋಂದಣಿ ಇಲ್ಲದ ಸ್ಟುಡಿಯೋ ಆದರೆ ನಾಲ್ಕು ಸಾವಿರವೂ ತನ್ನದೇ. ಆದರೆ ಖರೀದಿಯ ತೆರಿಗೆ ಮರಳಿ ಸಿಗದು. ಹೊಗೆ ಡಬ್ಬಿಯ ಮೇಲಿನ ತೆರಿಗೆಯೊಂದನ್ನೇ ಸೇರಿಸಿದರೂ ಖರ್ಚು ರೂ. 3,870 ಆಗಿ, ಉಳಿಯುವುದು ರೂ. 130.

ಇಲ್ಲಿ ಇನ್ನೊಂದು ಎಚ್ಚರಿಕೆ. ಅನೇಕ ಸಣ್ಣ ವ್ಯಾಪಾರಿಗಳು ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿಯನ್ನು ಆರಿಸಿಕೊಂಡಿರುತ್ತಾರೆ. ಅದರಲ್ಲಿ ನಗದು ವಹಿವಾಟಿನ ಶೇ. 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದುದರ ಶೇ. 6 ಕನಿಷ್ಠ ಲಾಭವೆಂದು ಎಣಿಕೆಯಾಗುತ್ತದೆ. ನಷ್ಟಕ್ಕೆ ದುಡಿದ ಸಂಜೆಯೂ ಆ ಲೆಕ್ಕದಲ್ಲಿ ಲಾಭದ ಸಂಜೆಯೇ.

ಆಸ್ತಿ ಯಾವುದು, ಖರ್ಚು ಯಾವುದು?

ದೀಪ, ಸ್ಟ್ಯಾಂಡು, ಬ್ಯಾಟರಿ, ಜೆಲ್ ಹಾಳೆಗಳ ಒಂದು ಸಾಧಾರಣ ಜೋಡಣೆಗೆ ರೂ. 24,000 ಹಿಡಿಯೋಣ. ಮೂರು ವರ್ಷ ಬಾಳಿಕೆ, ವರ್ಷಕ್ಕೆ 40 ಸಂಜೆ ಎಂದರೆ 120 ಸಂಜೆ, ತಲಾ ರೂ. 200. ಆದಾಯ ತೆರಿಗೆಯಲ್ಲಿ ಇಂಥ ಯಂತ್ರೋಪಕರಣಕ್ಕೆ ಉಳಿದ ಮೌಲ್ಯದ ಶೇ. 15ರಂತೆ ಸವಕಳಿ ದೊರೆಯುತ್ತದೆ. ಅದು ತೆರಿಗೆಯ ಲೆಕ್ಕ. ದರ ನಿಗದಿಗೆ ವಸ್ತುವಿನ ನಿಜವಾದ ಬಾಳಿಕೆಯನ್ನೇ ಹಿಡಿಯಬೇಕು.

ಅದೇ 120 ಸಂಜೆಗಳಲ್ಲಿ ಹೊಗೆಗೆ ತಲಾ ರೂ. 1,500ರಂತೆ ರೂ. 1,80,000 ಖರ್ಚಾಗುತ್ತದೆ. ಮೂರು ವರ್ಷದ ಕೊನೆಗೆ ದೀಪದ ಸ್ಟ್ಯಾಂಡಾದರೂ ಅಂಗಡಿಯಲ್ಲಿ ಉಳಿದಿರುತ್ತದೆ, ಕೈಗೆ ಕೌಶಲ ಬಂದಿರುತ್ತದೆ. ಹೊಗೆಯಿಂದ ಏನೂ ಉಳಿಯುವುದಿಲ್ಲ. ಬೆಳಕು ಬಂಡವಾಳ, ಹೊಗೆ ಖರ್ಚು ಎಂದು ಹೇಳುವುದು ಈ ಕಾರಣಕ್ಕೆ. ಹೊಗೆಯನ್ನು ಬಿಡಬೇಕೆಂದಲ್ಲ, ಅದನ್ನು ಉಪ್ಪಿನಂತೆ ಬಳಸಬೇಕು.

ಮಾಲೀಕರ ದುಡಿಮೆಗೆ ರೂ. 1,000, ಅಪಾಯ ನಿಧಿಗೆ ರೂ. 400 ಸೇರಿಸಿ, ಆ ಮೊತ್ತದ ಮೇಲೆ ಶೇ. 10 ಲಾಭವಿಟ್ಟರೆ ಜಿಎಸ್‌ಟಿ ಸಹಿತ ದರಗಳು ಹೀಗಾಗುತ್ತವೆ:

ಆರು ಡಬ್ಬಿಯ ಸಂಜೆ: ರೂ. 6,490
ಎರಡು ಡಬ್ಬಿಯ ಸಂಜೆ: ರೂ. 5,192
ಹೊಗೆಯಿಲ್ಲದೆ ದೀಪ ಮಾತ್ರ (ಬೆಂಕಿ ಸಲಕರಣೆ ಬೇಡ, ಅಪಾಯ ನಿಧಿ ರೂ. 100): ರೂ. 4,024

ಅಂದರೆ, ನಾಲ್ಕು ಸಾವಿರಕ್ಕೆ ಪ್ರಾಮಾಣಿಕವಾಗಿ ಕೊಡಬಹುದಾದದ್ದು ದೀಪದ ಚಿತ್ರಗಳನ್ನು ಮಾತ್ರ. ಮೂರು ದರಗಳ ಪಟ್ಟಿಯನ್ನು ಮುಂದಿಟ್ಟು, ಪ್ರತಿಯೊಂದರ ಮಾದರಿ ಚಿತ್ರ ತೋರಿಸಿ ಆಯ್ಕೆಯನ್ನು ಗ್ರಾಹಕರಿಗೆ ಬಿಡುವುದು ಲೇಸು.

ಬರೆಯದೆ ಬಿಟ್ಟ ಖರ್ಚು

ಅಪಾಯ ನಿಧಿಗೆ ರೂ. 400 ಇಟ್ಟದ್ದೇಕೆ ಎಂದು ವಾಚಕರು ಕೇಳಬಹುದು. ಬೆಂಗಳೂರಿನಲ್ಲಿ ಮದುವೆಯಾಗಲು ಕೆನಡಾದಿಂದ ಬಂದಿದ್ದ ಭಾರತೀಯ ಮೂಲದ ಜೋಡಿಯೊಂದರ ಚಿತ್ರೀಕರಣದ ಸುದ್ದಿ 2025ರ ಮಾರ್ಚ್‌ನಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ವರನು ವಧುವನ್ನು ಎತ್ತಿಕೊಂಡಿದ್ದಾಗ, ಹಿನ್ನೆಲೆಯಲ್ಲಿ ಸಿಡಿಯಬೇಕಿದ್ದ ಕಲರ್ ಬಾಂಬ್ ದಿಕ್ಕು ತಪ್ಪಿ ವಧುವಿಗೇ ತಗುಲಿತು. ಬೆನ್ನಿಗೆ ಸುಟ್ಟ ಗಾಯವಾಯಿತು, ಕೂದಲೂ ಸುಟ್ಟಿತು. ಅಂಥ ಒಂದು ಕ್ಷಣದ ಬೆಲೆಗೆ ನೂರು ಸಂಜೆಗಳ ಲಾಭವೂ ಸಾಲದು.

ನಮ್ಮ ಭಾಗಕ್ಕೆ ವಿಶೇಷವಾದ ಅಪಾಯ ಎರಡಿವೆ. ಮದುವೆಯ ಸುಗ್ಗಿಯಾದ ಫೆಬ್ರುವರಿಯಿಂದ ಮೇವರೆಗಿನ ಅವಧಿಯಲ್ಲಿಯೇ ಊರ ಸುತ್ತ ಜೋಳದ ಕಣಿಕೆಯ ಬಣವಿಗಳು ಒಣಗಿ ನಿಂತಿರುತ್ತವೆ. ಒಂದು ಕಿಡಿ ರೈತನೊಬ್ಬನ ವರ್ಷದ ಮೇವನ್ನು ಸುಡಬಲ್ಲದು. ಎರಡನೆಯದು ಗಾಳಿ. ಗಜೇಂದ್ರಗಡದ ಗುಡ್ಡದ ಮೇಲೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಗಾಳಿ ತಿರುಗಿದರೆ ಹೊಗೆ ವಧುವಿನ ಇಳಕಲ್ಲ ಸೀರೆಗೋ ಪಟ್ಟೇದಂಚಿನ ಸೀರೆಗೋ ಮೆತ್ತುತ್ತದೆ. ಸೀರೆಯ ಬೆಲೆ ಆ ಸಂಜೆಯ ದರಕ್ಕಿಂತ ಹೆಚ್ಚಾಗಿರಬಹುದು.

ಆದುದರಿಂದ ಕೆಲವು ನಿಯಮಗಳನ್ನು ಮುರಿಯಬಾರದು. ಡಬ್ಬಿಯನ್ನು ದಂಪತಿಗಳ ಕೈಗೆ ಕೊಡಬಾರದು. ಗಾಳಿ ಬೀಸುವ ದಿಕ್ಕು ನೋಡಿ, ಅವರಿಂದ ದೂರದಲ್ಲಿ ಬರಿನೆಲದ ಮೇಲೆ ಇಟ್ಟು ಸಹಾಯಕನೇ ಹೊತ್ತಿಸಬೇಕು. ಹೊಗೆ ಅವರ ಹಿಂದೆ ಅಡ್ಡ ಸಾಗಬೇಕೇ ಹೊರತು ಮೈಮೇಲೆ ಬರಬಾರದು. ಒಂದು ಬಕೆಟ್ ಮರಳು, ಒಂದು ಕೊಡ ನೀರು ಹತ್ತಿರವಿರಬೇಕು. ಮುಗಿದ ಡಬ್ಬಿಯೂ ಬಹಳ ಹೊತ್ತು ಬಿಸಿಯಿರುವುದರಿಂದ ಮರಳಿನಲ್ಲಿ ಹುಗಿಯಬೇಕು. ಕಲ್ಯಾಣ ಮಂಟಪದ ಒಳಗೆ, ಶಾಮಿಯಾನದ ಕೆಳಗೆ, ಬಣವಿಯ ಸಮೀಪ ಎಂದಿಗೂ ಹೊತ್ತಿಸಬಾರದು. ಮಕ್ಕಳು, ಗರ್ಭಿಣಿಯರು, ಉಬ್ಬಸವಿರುವವರು ದೂರವಿರಬೇಕು. ಸುಟ್ಟರೆ ತಣ್ಣನೆಯ ನೀರನ್ನು ಇಪ್ಪತ್ತು ನಿಮಿಷ ಹರಿಸಿ ಆಸ್ಪತ್ರೆಗೆ ಒಯ್ಯಬೇಕು. ಗಾಯಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು.

ಖರೀದಿ, ಅನುಮತಿ, ಕರಾರು

ಹೊಗೆ ಡಬ್ಬಿಯೂ ಮದ್ದಿನ ವಸ್ತುವೇ. ಸಿಡಿಮದ್ದುಗಳ ತಯಾರಿಕೆ, ದಾಸ್ತಾನು, ಮಾರಾಟಗಳು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ನಿಯಮಗಳಿಗೆ ಒಳಪಟ್ಟಿವೆ. ಪರವಾನಗಿಯುಳ್ಳ ಅಂಗಡಿಯಿಂದ ಬಿಲ್ಲು ಪಡೆದೇ ಕೊಳ್ಳಬೇಕು. ಇ-ವಾಣಿಜ್ಯ ಜಾಲತಾಣಗಳ ಮೂಲಕ ಪಟಾಕಿ ಮಾರುವುದನ್ನು ಸರ್ವೋಚ್ಚ ನ್ಯಾಯಾಲಯ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ನಿರ್ಬಂಧಿಸಿದೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಹೊತ್ತಿ ಹತ್ತಕ್ಕೂ ಹೆಚ್ಚು ಮಂದಿ ಸತ್ತ ನಂತರ, ಮದುವೆ ಮತ್ತು ಮೆರವಣಿಗೆಗಳಲ್ಲಿ ಪಟಾಕಿ ನಿಷೇಧಿಸುವುದಾಗಿ ರಾಜ್ಯದ ಮುಖ್ಯಮಂತ್ರಿಗಳು ಪ್ರಕಟಿಸಿದ್ದರು. ಆದುದರಿಂದ ಹೊತ್ತಿಸುವ ಮುನ್ನ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಕ್ಷೇಮ.

ಹಳೆಯ ಗುಡಿಗಳ ಎದುರು ಚಿತ್ರ ಬೇಕೆನ್ನುವವರು ಅನೇಕ. ನಮ್ಮ ಇಟಗಿಯ ಹೆಸರಿನದೇ ಆದ, ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿನ ಇಟಗಿಯಲ್ಲಿ ಕ್ರಿ.ಶ. 1112ರ ಮಹಾದೇವ ದೇವಾಲಯವಿದೆ. ಅದು ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥಲ್ಲಿ ಟ್ರೈಪಾಡು, ದೀಪಗಳೊಂದಿಗೆ ಚಿತ್ರೀಕರಿಸಲು ಪೂರ್ವಾನುಮತಿ ಬೇಕು. ಒಂಬತ್ತು ಶತಮಾನ ದಾಟಿದ ಕಲ್ಲಿನ ಬಳಿ ಬಣ್ಣದ ಹೊಗೆಯ ಮಾತೇ ಎತ್ತಬಾರದು.

ಗ್ರಾಹಕರೊಂದಿಗೆ ಒಂದು ಪುಟದ ಕರಾರು ಇರಲಿ. ಡಬ್ಬಿಗಳ ಸಂಖ್ಯೆ, ಚಿತ್ರಗಳ ಸಂಖ್ಯೆ, ಸ್ಥಳ, ವೇಳೆ, ಬಟ್ಟೆಗೆ ಬಣ್ಣ ಹತ್ತುವ ಸಂಭವ, ಗಾಳಿ ಮಳೆಯಿದ್ದರೆ ಹೊಗೆಯ ಬದಲು ದೀಪದ ಚಿತ್ರ ಮತ್ತು ಮರಳಿಸುವ ಹಣ, ಇಷ್ಟನ್ನೂ ಬರೆಯಬೇಕು. 'ಯಾವುದಕ್ಕೂ ನಾವು ಹೊಣೆಯಲ್ಲ' ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಹೊಣೆ ತಪ್ಪದು. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಹೋಗಬಹುದು. ಅಂಗಡಿಯ ವಿಮೆ ಹೊರಗಿನ ಮೂರನೆಯವರಿಗಾಗುವ ಹಾನಿಯನ್ನು ಒಳಗೊಂಡಿದೆಯೇ ಎಂದು ವಿಮಾ ಕಂಪನಿಯಿಂದ ಲಿಖಿತವಾಗಿ ಕೇಳಿಕೊಳ್ಳಬೇಕು. ಒಂದೇ ಮದುವೆಯ ಬಾಬ್ತು ಒಬ್ಬರಿಂದ ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಂತುಗಳಾಗಿ ಪಡೆದರೂ ಒಟ್ಟು ಮೊತ್ತವೇ ಗಣನೆಗೆ ಬರುತ್ತದೆ.

ಕೊನೆಯದಾಗಿ

ಆ ಮಾಲೀಕರ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟ. ಎರಡೂವರೆ ಸಾವಿರ ಎಲ್ಲಿಗೂ ಹೋಗಿರಲಿಲ್ಲ; ಅದು ಬಂದೇ ಇರಲಿಲ್ಲ. ಕೂಲಿ, ವಾಹನ, ಸವಕಳಿ, ತೆರಿಗೆಗಳು ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದವು. ಒಂದು ಸಂಜೆಯ ಹೆಸರಿನಲ್ಲಿ ಅವನ್ನು ಯಾರೂ ಕೂಡಿಸಿರಲಿಲ್ಲ. ಪ್ರತಿ ಕೆಲಸಕ್ಕೂ ಒಂದು ಹಾಳೆ ತೆರೆದು ಅದರ ಖರ್ಚನ್ನೆಲ್ಲ ಅಲ್ಲಿಯೇ ಬರೆಯುವ ಅಭ್ಯಾಸ ಮಾಡಿಕೊಂಡರೆ ಸಾಕು. ಮುಂದಿನ ಮದುವೆಯ ಸುಗ್ಗಿಗೆ ಮೊದಲು ಹೊಗೆ ಡಬ್ಬಿಯ ಪೆಟ್ಟಿಗೆಗೆ ಮುಂಗಡ ಕೊಡುವ ಬದಲು ಒಂದು ಒಳ್ಳೆಯ ದೀಪ ಕೊಂಡು, ಸೂರ್ಯಾಸ್ತದ ಆ ಇಪ್ಪತ್ತು ನಿಮಿಷದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿರಿ. ಚಿತ್ರವೂ ಚೆನ್ನಾಗಿ ಬಂದೀತು, ಲೆಕ್ಕವೂ ಸರಿಹೋದೀತು.